ಅವ್ವ ಕಡ್ಡಿಯಿಂದ ಅಳೆದ ಬಿಸಿಲು

ಬಳ್ಳಾರಿಯಲ್ಲಿ ಪ್ರತಿ ಬೇಸಿಗೆಗೂ ಜನ ಒಂದೇ ಮಾತು ಹೇಳುತ್ತಾರೆ. ಇಂಥ ಬಿಸಿಲು ಹಿಂದೆ ಇರಲಿಲ್ಲ, ಈ ವರ್ಷವೇ ಹೀಗೆ, ಎಂದು. ನಾನು ಸೊಸೆಯಾಗಿ ಆ ಊರಿಗೆ ಬಂದ ವರ್ಷವೂ ಹೇಳಿದರು, ಮರುವರ್ಷವೂ ಹೇಳಿದರು. ಮನೆಗೆ ಬಂದವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಈ ಮಾತು ತೆಗೆದರೆ ಸಾಕು, ನನ್ನ ಮಾವನವರ ಹುಬ್ಬು ಗಂಟಿಕ್ಕುತ್ತಿತ್ತು.

"ಹೋದ ವರ್ಷನೂ ಇದನ್ನ ಅಂದಿದ್ರಿ," ಎನ್ನುತ್ತಿದ್ದರು. "ಅದರ ಹಿಂದಿನ ವರ್ಷನೂ ಅಂದಿದ್ರಿ. ನೀವು ಹೇಳಿದ್ದೆಲ್ಲಾ ಕೂಡಿಸಿದ್ರ ಇಷ್ಟೊತ್ತಿಗೆ ನಾವೆಲ್ಲಾ ಸುಟ್ಟ ಹಪ್ಪಳ ಆಗಿರಬೇಕಿತ್ತು."

ಬಂದವರು ನಕ್ಕು, ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಮಾವ ನಗುತ್ತಿರಲಿಲ್ಲ. ಅವರು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಲೆಕ್ಕವಿಲ್ಲದ ಮಾತನ್ನು ಕೇಳಿದರೆ ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು.

ಬ್ರೂಸ್‌ಪೇಟೆಯ ಅಂಗಡಿ ಸಾಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮಣ್ಣಿನ ಮಾಳಿಗೆ, ಮುಂದೆ ಒಂದು ಪಡಸಾಲೆ. ಯುಗಾದಿಗೆ ಮನೆಯೆಲ್ಲ ಸುಣ್ಣ ಕಂಡರೂ ಪಡಸಾಲೆಯ ಒಂದು ಗೋಡೆಗೆ ಮಾತ್ರ ಯಾರೂ ಕೈ ಹಚ್ಚುವಂತಿರಲಿಲ್ಲ. ಅದರ ಮೇಲೆ ಮಾವನ ಇದ್ದಿಲಿನ ಗೆರೆ ಇತ್ತು. ಶಿವರಾತ್ರಿ ಕಳೆದ ಮೇಲಿಂದ ಮೊದಲ ಮಳೆಯವರೆಗೆ ಅವರು ಪ್ರತಿ ಮಧ್ಯಾಹ್ನ ಥರ್ಮಾಮೀಟರು ನೋಡುತ್ತಿದ್ದರು. ಆ ಬೇಸಿಗೆಯ ದಿನಗಳನ್ನೆಲ್ಲ ಕೂಡಿಸಿ, ಭಾಗಿಸಿ, ಸರಾಸರಿ ತೆಗೆದು ಗೋಡೆಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ವರ್ಷಕ್ಕೆ ಒಂದೇ ಚುಕ್ಕೆ. ನಾನು ಬರುವ ಹೊತ್ತಿಗೆ ಚುಕ್ಕೆಗಳ ಸಾಲು ಬಾಗಿಲ ಚೌಕಟ್ಟಿನಿಂದ ಹೊರಟು ಅರ್ಧ ಗೋಡೆ ದಾಟಿತ್ತು. ಅತ್ತೆಗೆ ಆ ಗೋಡೆ ಕಂಡರೆ ಆಗುತ್ತಿರಲಿಲ್ಲ. ಬೀಗರು ಬಂದಾಗಲೆಲ್ಲ ಅದರ ಮೇಲೊಂದು ಸೀರೆ ಒಣಹಾಕುತ್ತಿದ್ದರು.

ನನ್ನ ಗಂಡ ಬ್ರೂಸ್‌ಪೇಟೆಯ ಅಕ್ಕಿ ಅಂಗಡಿಯಲ್ಲಿ ಗುಮಾಸ್ತರು. ಅವರಿಗೆ ಅಕ್ಕಿಯ ದರ ಬಿಟ್ಟು ಬೇರೆ ಅಂಕಿ ಬೇಕಿರಲಿಲ್ಲ. ಹಾಗಾಗಿ ಮಾವನ ಅಂಕಿ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸಿರುಗುಪ್ಪದ ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದೆ, ಮಗ್ಗಿ ಬಾಯಿಗೆ ಬರುತ್ತಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಅವರು ಓದಿದ ಅಂಕಿಗಳನ್ನು ಕೂಡಿಸಿ ಹೇಳುತ್ತಿದ್ದೆ. ತಪ್ಪಿದರೆ ಅವರು ಸಿಟ್ಟಾಗುತ್ತಿರಲಿಲ್ಲ, ಮೊದಲಿನಿಂದ ಮತ್ತೆ ಓದುತ್ತಿದ್ದರು. ಅದು ಸಿಟ್ಟಿಗಿಂತ ದೊಡ್ಡ ಶಿಕ್ಷೆ.

"ಒಂದು ದಿನದ ಬಿಸಲು ಸುಳ್ಳು ಹೇಳ್ತೈತವಾ," ಎಂದು ಒಮ್ಮೆ ಹೇಳಿದರು. "ಒಂದು ವರ್ಷದ್ದೂ ಸುಳ್ಳ ಹೇಳ್ತೈತಿ. ಭಾಳ ವರ್ಷ ಒಟ್ಟಿಗೆ ನಿಲ್ಲಿಸಿ ಕೇಳಿದ್ರ ಏನರ ನಿಜ ಹೊರಗ ಬೀಳಬಹುದು."

ಅವರ ಚುಕ್ಕೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಆದರೆ ಐದೈದು ವರ್ಷಗಳನ್ನು ಗುಂಪು ಮಾಡಿ ಸರಾಸರಿ ತೆಗೆದಾಗ ಗುಂಪಿನ ಚುಕ್ಕೆಗಳು ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆ ಕೂರುತ್ತಿದ್ದವು. ಇದು ಅವರ ನಿದ್ದೆ ಕೆಡಿಸಿತು. ದಿನಾ ಬೈಯುತ್ತಿದ್ದ ಜನರ ಮಾತೇ ನಿಜವಾಗಿಬಿಟ್ಟರೆ ಹೇಗೆ ಎಂಬುದು ಒಂದು. ಇನ್ನೊಂದು, ಏರುತ್ತಿರುವುದು ಆಕಾಶದ ಬಿಸಿಲೋ ಬಳ್ಳಾರಿ ಪೇಟೆಯ ಕಾವೋ ಎಂಬ ಅನುಮಾನ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಊರ ತುಂಬ ತಗಡಿನ ಶೆಡ್ಡುಗಳು ಎದ್ದಿದ್ದವು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸುಗಳಿಗೆಂದು ಎಷ್ಟೋ ಮರ ಇದ್ದಿಲಾಗಿ ಹೋಗಿದ್ದವು. ಊರೇ ಕಾದಿದ್ದರೆ ಬಳ್ಳಾರಿಯಲ್ಲಿ ಮಾತ್ರ ಗೆರೆ ಏರಬೇಕು. ಆಕಾಶ ಕಾದಿದ್ದರೆ ಸುತ್ತಲ ಊರುಗಳಲ್ಲೂ ಏರಬೇಕು. ಅದಕ್ಕೆ ಬೇರೆ ಊರಿನ ಲೆಕ್ಕ ಬೇಕಿತ್ತು.

ಯುದ್ಧ ಮುಗಿದ ಮೇಲೆ ಅವರ ಹಳೆಯ ವಿದ್ಯಾರ್ಥಿಯೊಬ್ಬ ಮದ್ರಾಸಿನಿಂದ ಒಂದೇ ಅಳತೆಯ ಥರ್ಮಾಮೀಟರುಗಳನ್ನು ತಂದುಕೊಟ್ಟ. ಒಂದನ್ನು ಇಲ್ಲಿಟ್ಟುಕೊಂಡರು. ಒಂದನ್ನು ಕುರುಗೋಡಿನಲ್ಲಿದ್ದ ಮಗಳಿಗೆ, ಅಂದರೆ ನನ್ನ ನಾದಿನಿಗೆ ಕೊಟ್ಟರು. ಇನ್ನೊಂದು ಸಿರುಗುಪ್ಪಕ್ಕೆ, ನನ್ನ ತವರಿಗೆ.

ಪಂಚಮಿಗೆ ನಾನೇ ಅದನ್ನು ತೆಗೆದುಕೊಂಡು ಹೋದೆ. ನನಗೆ ತವರೆಂದರೆ ಪಂಚಮಿ ಒಂದೇ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಅತ್ತೆಯ ಉಬ್ಬಸ, ಯಾವುದೂ ಸೊಸೆಯನ್ನು ಬಿಡುತ್ತಿರಲಿಲ್ಲ. ಮಾವ ಹೇಳಿಕೊಟ್ಟದ್ದನ್ನು ಅವ್ವನಿಗೆ ಒಪ್ಪಿಸಿದೆ. ಬೇಸಿಗೆ ಬಂದಾಗ ಇದನ್ನು ಹೊರಗಿನ ಪಡಸಾಲೆಯಲ್ಲಿ, ಬಿಸಿಲು ತಾಗದ ಕಂಬಕ್ಕೆ, ಎದೆಮಟ್ಟಕ್ಕೆ ಕಟ್ಟಬೇಕು. ಊರಿನ ಅಕ್ಕಿ ಗಿರಣಿಯ ಮಧ್ಯಾಹ್ನದ ಸೀಟಿ ಆದಾಗ ನೋಡಬೇಕು. ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿ ಇಡಬೇಕು.

"ನೋಡಿ ಏನು ಮಾಡ್ಲಿ? ನನಗೇನು ಅಂಕಿ ಬರ್ತಾವೇನು?" ಎಂದಳು ಅವ್ವ. ಅವಳಿಗೆ ಓದು ಬರೆಹ ಇರಲಿಲ್ಲ. ಅಣ್ಣನಿಗೆ ಬರುತ್ತಿತ್ತು, ಆದರೆ ಸೀಟಿ ಆಗುವ ಹೊತ್ತಿಗೆ ಅವನು ಅದೇ ಗಿರಣಿಯ ಒಳಗೆ ಇರುತ್ತಿದ್ದ. ಅತ್ತಿಗೆಯೂ ಅವ್ವನ ಹಾಗೆಯೇ.

ಉಪಾಯ ಹೊಳೆದದ್ದು ಅವ್ವನಿಗೇ. ಕಸಬರಿಗೆಯಿಂದ ಒಂದು ಕಡ್ಡಿ ಹಿರಿದು ಥರ್ಮಾಮೀಟರಿನ ಪಕ್ಕಕ್ಕೆ ಹಿಡಿದಳು. ಕೆಳಗಿನ ಬುಡ್ಡಿಯಿಂದ ಪಾದರಸದ ತುದಿಯವರೆಗೆ ಅಳೆದು, ಅಲ್ಲಿಗೆ ಕಡ್ಡಿಯನ್ನು ಪಟ್ಟನೆ ಮುರಿದಳು. "ಇದನ್ನ ಕಳಿಸಿದ್ರ ಬೀಗ್ರಿಗೆ ತಿಳೀತೈತಿಲ್ಲೋ?" ಎಂದಳು.

ಮಾವನಿಗೆ ಇದನ್ನು ಹೇಳುವಾಗ ನನಗೆ ನಾಚಿಕೆಯಾಗಿತ್ತು. ಅವರು "ಆಗಬಹುದು. ಒಂದು ಡಿಗ್ರಿ ಆಕಡೆ ಈಕಡೆ ಆಗ್ತೈತಿ. ಆದ್ರ ತಪ್ಪು ಎರಡೂ ಕಡೀಗೆ ಬೀಳ್ತೈತಿ, ಸರಾಸರಿಯೊಳಗ ಹೋಗಿಬಿಡ್ತೈತಿ," ಎಂದರು.

ಮುಂದಿನ ಬೇಸಿಗೆಯಿಂದ ಸಿರುಗುಪ್ಪದ ಬಿಸಿಲು ಅಕ್ಕಿ ಗಾಡಿಯಲ್ಲಿ ಬರತೊಡಗಿತು. ವಾರಕ್ಕೊಮ್ಮೆ ನನ್ನ ಗಂಡನ ಅಂಗಡಿಗೆ ಅಲ್ಲಿಂದ ಗಾಡಿ ಬರುತ್ತಿತ್ತು. ಗಾಡಿಯವನು ಚೀಲಗಳ ಮೇಲೆ ಜೋಪಾನವಾಗಿ ಇಟ್ಟು ತಂದ ಗಂಟನ್ನು ಬಿಚ್ಚಿದರೆ ಅದರಲ್ಲಿ ಅವ್ವನ ಕಡ್ಡಿಗಳು. ದಿನಗಳು ಅದಲುಬದಲಾಗಬಾರದೆಂದು ಅವ್ವ ಅವನ್ನು ಮಲ್ಲಿಗೆ ಕಟ್ಟಿದ ಹಾಗೆ ದಾರದಲ್ಲಿ ಸಾಲಾಗಿ ಕಟ್ಟಿರುತ್ತಿದ್ದಳು. ಬುಡವೆಲ್ಲ ಒಂದು ಮಟ್ಟಕ್ಕೆ, ತುದಿಗಳು ಹೆಚ್ಚುಕಡಿಮೆ. ಶುಕ್ರವಾರದ ಕಡ್ಡಿಗೆ ಅರಿಶಿನ ಹಚ್ಚಿರುತ್ತಿದ್ದಳು, ಅದರಿಂದ ವಾರ ಎಣಿಸಿಕೊಳ್ಳಬಹುದಿತ್ತು. ಮಾವ ಒಂದೊಂದೇ ಕಡ್ಡಿಯನ್ನು ನಮ್ಮ ಥರ್ಮಾಮೀಟರಿಗೆ ಒತ್ತಿ ಹಿಡಿದು ಅಂಕಿ ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಆಮೇಲೆ ಮಾಲೆಯನ್ನು ಗೋಡೆಯ ಮೊಳೆಗೆ ಹಾಕುತ್ತಿದ್ದರು.

ಆ ಕಡ್ಡಿಗಳಲ್ಲಿ ನನಗೆ ಅಂಕಿ ಕಾಣುತ್ತಿರಲಿಲ್ಲ. ಪ್ರತಿ ಕಡ್ಡಿಯೂ ಅವ್ವನ ಕೈ ಮುಟ್ಟಿದ್ದು. ಮಧ್ಯಾಹ್ನ ಸೀಟಿ ಆದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದಿರಬೇಕು, ಕಣ್ಣು ಕಿರಿದು ಮಾಡಿ ಪಾದರಸ ನೋಡಿರಬೇಕು. ನಾನು ಬಳ್ಳಾರಿಯಲ್ಲಿ ಹಿಟ್ಟು ಕಲಸುವಾಗ ಅವಳು ಅಲ್ಲಿ ಕಡ್ಡಿ ಮುರಿಯುತ್ತಿದ್ದಾಳೆ ಎಂದುಕೊಂಡರೆ ನಡುವೆ ಅಷ್ಟು ದೂರದ ದಾರಿ ಇದೆ ಎನ್ನಿಸುತ್ತಿರಲಿಲ್ಲ. ಒಮ್ಮೊಮ್ಮೆ ಯಾರೂ ಇಲ್ಲದಾಗ ಮಾಲೆಯನ್ನು ಮೂಸಿ ನೋಡುತ್ತಿದ್ದೆ. ಅಕ್ಕಿ ಚೀಲದ ವಾಸನೆ ಬರುತ್ತಿತ್ತು, ಅಷ್ಟೇ. ಆದರೂ ಮೂಸುತ್ತಿದ್ದೆ.

ಇನ್ನೊಂದು ಸಮಾಧಾನವೂ ಇತ್ತು. ಅವ್ವನ ಕಡ್ಡಿಗಳು ಗಿಡ್ಡ. ಬಳ್ಳಾರಿಯಲ್ಲಿ ಪಾದರಸ ಫ್ಯಾರನ್‌ಹೀಟಿನ ನೂರು ದಾಟಿ ಕುಣಿಯುತ್ತಿದ್ದ ದಿನಗಳಲ್ಲೂ ಸಿರುಗುಪ್ಪದ ಕಡ್ಡಿ ಅದಕ್ಕಿಂತ ಒಂದು ಬೆರಳಗಲ ಕೆಳಗೇ ನಿಲ್ಲುತ್ತಿತ್ತು. ಗುಡ್ಡದ ಬಂಡೆ ಉಗುಳುವ ಕಾವಿನಲ್ಲಿ ನಾನು ಬೇಯುತ್ತಿದ್ದೆ. ಮೈಯೆಲ್ಲ ಬೆವರುಸಾಲೆ, ನನ್ನ ಪುಟ್ಟ ಮಗಳು ಸೆಕೆಗೆ ರಚ್ಚೆ ಹಿಡಿಯುತ್ತಿದ್ದಳು. ಆಗ ಗೋಡೆ ನೋಡುತ್ತಿದ್ದೆ. ನನ್ನ ಅವ್ವನಾದರೂ ತಂಪಿನಲ್ಲಿದ್ದಾಳೆ. ಹೊಳೆ ಇದೆ, ಹಳೆಯ ಕಾಲುವೆ ಇದೆ, ಹಸಿರು ಗದ್ದೆ ಇದೆ. ಅಲ್ಲಿಗೆ ಹೋಗಬೇಕು, ಒಂದೇ ಒಂದು ಬೇಸಿಗೆ ಅವ್ವನ ಹತ್ತಿರ ಇರಬೇಕು. ನನ್ನ ಆಸೆ ಇಷ್ಟೇ ಇತ್ತು. ಯಾರ ಮುಂದೆ ಹೇಳಿದರೂ ನಗೆಪಾಟಲಾಗುವ ಆಸೆ.

ಕೆಲವು ಬೇಸಿಗೆ ಕಳೆದವು. ಮಾವ ಗೋಡೆಯ ಮೇಲೆ ಎಳೆದ ಗೆರೆಗಳು ಈಗ ಮೂರಾಗಿದ್ದವು. ಬಳ್ಳಾರಿಯದು ಇದ್ದಿಲಿನಲ್ಲಿ, ಕುರುಗೋಡಿನದು ಕೆಮ್ಮಣ್ಣಿನಲ್ಲಿ, ಸಿರುಗುಪ್ಪದ್ದು ಬಟ್ಟೆಗೆ ಹಾಕುವ ನೀಲಿಯಲ್ಲಿ. ಕಪ್ಪು, ಕೆಂಪು ಎರಡೂ ಜೊತೆಯಾಗಿ ಏರುತ್ತಿದ್ದವು, ಜೊತೆಯಾಗಿ ಇಳಿಯುತ್ತಿದ್ದವು. ನೀಲಿ ಮಾತ್ರ ಕೆಳಗೆ, ನಿಶ್ಚಿಂತೆಯಾಗಿ, ಅಡ್ಡಡ್ಡ ಹೋಗುತ್ತಿತ್ತು. ಆಗ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಎಲ್ಲರ ಬಾಯಲ್ಲೂ ಕಾಲುವೆಯದೇ ಮಾತು. ನೀರು ಬಂದರೆ ನೆಲ ಹಸಿರಾಗುತ್ತದೆ, ನೆಲ ಹಸಿರಾದರೆ ಬಿಸಿಲು ಇಳಿಯುತ್ತದೆ ಎಂದು ನಂಬಿದ್ದರು. ಮಾವ ನೀಲಿ ಗೆರೆಯ ಮುಂದೆ ಕೈಕಟ್ಟಿ ನಿಂತು ಹೇಳಿದರು:

"ನೀರಿದ್ದಲ್ಲಿ ಬಿಸಲು ಏರಂಗಿಲ್ಲ. ಇಲ್ಲೇ ಕಾಣ್ತೈತಲ್ಲ."

ಅವರು ಅಷ್ಟು ಖುಷಿಯಾಗಿದ್ದನ್ನು ನಾನು ಕಂಡಿರಲಿಲ್ಲ. ಮೇಷ್ಟ್ರುಗಳ ಸಭೆಯಲ್ಲಿ ಇದರ ಬಗ್ಗೆ ಮಾತಾಡುವುದೆಂದು ಗೊತ್ತುಮಾಡಿಕೊಂಡರು.

ಆ ವರ್ಷ ನಾನು ಎರಡನೆಯ ಬಸುರಿ. ಮೊದಲ ಹೆರಿಗೆ ತವರಲ್ಲಿ ಆಗಿತ್ತು, ಚಳಿಗಾಲದಲ್ಲಿ. ಎರಡನೆಯದು ಗಂಡನ ಮನೆಯಲ್ಲೇ ಆಗಬೇಕೆಂಬುದು ಪದ್ಧತಿ. ಅತ್ತೆ ಸೂಲಗಿತ್ತಿಗೆ ಹೇಳಿಯೂ ಇಟ್ಟಿದ್ದರು. ಆದರೆ ಬೇಸಿಗೆ ಹತ್ತುತ್ತಿದ್ದಂತೆ ನನ್ನ ಕಾಲು ಬಾತವು. ಅನ್ನ ಸೇರದು, ನಿಂತಲ್ಲಿ ಕಣ್ಣು ಕತ್ತಲೆ. ಒಂದು ಮಧ್ಯಾಹ್ನ ಅಂಕಿ ಕೂಡಿಸುತ್ತಲೇ ಗೋಡೆಗೆ ಒರಗಿ ಕುಸಿದೆ. ಮಾವ ಅತ್ತೆಯನ್ನು ಕರೆದರು.

"ಈಕೀನ ಸಿರುಗುಪ್ಪಕ್ಕ ಕಳಿಸೋಣು."

"ಎರಡನೇ ಬಾಣಂತನ ತವರಾಗ? ಮಂದಿ ಏನಂದಾರು?" ಎಂದರು ಅತ್ತೆ.

"ಮಂದಿ ಅನ್ನೋದರ ಸರಾಸರಿ ನಾನು ತಗದೀನಿ. ಗೋಡಿ ನೋಡು. ಅಲ್ಲಿ ತಂಪು ಐತಿ."

ಅತ್ತೆ ಗೋಡೆ ನೋಡಲಿಲ್ಲ, ನನ್ನ ಮುಖ ನೋಡಿದರು. ಆಮೇಲೆ ನನ್ನ ಸೀರೆಗಳನ್ನು ಮಡಿಸಿಡಲು ಒಳಗೆ ಹೋದರು.

ಬಸ್ಸು ಕುರುಗೋಡು ಸುತ್ತಿ ಹೋಗುತ್ತಿತ್ತು. ಬಂಡೆಗಳ ನಡುವೆ ಆ ಊರು ಹಂಚಿನ ಮೇಲಿಟ್ಟ ಹಾಗೆ ಕಾಯುತ್ತಿತ್ತು. ನಾದಿನಿ ಬಸ್ಸಿನ ಹತ್ತಿರ ಬಂದು ಮಜ್ಜಿಗೆ ಕೊಟ್ಟಳು. "ನೀನು ಬಚಾವಾದಿ ಬಿಡವಾ, ತಂಪಿನಾಗ ಹೊಂಟೀದಿ," ಎಂದಳು. ನನಗೂ ಹಾಗೇ ಅನ್ನಿಸಿತ್ತು. ಸಿರುಗುಪ್ಪ ಹತ್ತಿರವಾದಂತೆ ಈಗ ತಂಪು ಗಾಳಿ ಬರುತ್ತದೆ, ಇನ್ನು ಬರುತ್ತದೆ ಎಂದು ಮುಖ ಹೊರಗೆ ಹಾಕಿ ಕೂತೆ. ಬಂದದ್ದು ಝಳವೇ. ಗದ್ದೆಯ ಕೊಯ್ಲು ಮುಗಿದು ಬರೀ ಕೂಳೆ ನಿಂತಿತ್ತು. ಇಳಿದು ಮನೆಗೆ ನಡೆಯುವಾಗ ಚಪ್ಪಲಿಯ ಒಳಗೂ ಕಾಲು ಸುಟ್ಟಿತು.

ಅವ್ವ ನನ್ನನ್ನು ನೋಡಿ ಅತ್ತಳು. ಬಾತ ಕಾಲನ್ನು ಮುಟ್ಟಿ ಮುಟ್ಟಿ ನೋಡಿದಳು. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಆಚೆ ನೀರಿನ ಗಡಿಗೆಗಳ ಮೂಲೆಯಲ್ಲಿ ಕೂರಿಸಿದಳು. ಅಲ್ಲಿ ನೆಲಕ್ಕೆ ಹೊಳೆಯ ಮರಳು ಹರವಿ, ಮರಳನ್ನು ದಿನಾ ತೋಯಿಸಿ, ಅದರ ಮೇಲೆ ಗಡಿಗೆಗಳನ್ನು ಇಡುತ್ತಿದ್ದರು. ಕಿಟಕಿಗೆ ಒದ್ದೆ ಗೋಣಿ. ಕೂತ ಕೂಡಲೇ ನನ್ನ ಬೆನ್ನ ಮೇಲೆ ತಂಪು ಇಳಿಯಿತು. ಕಣ್ಣು ಮುಚ್ಚಿದೆ. ತೆರೆದಾಗ ಎದುರಿಗೆ, ಎರಡು ಗಡಿಗೆಗಳ ನಡುವೆ, ಒದ್ದೆ ಮರಳಿನಲ್ಲಿ ನೆಟ್ಟಗೆ ನಿಂತಿತ್ತು ಮಾವನ ಥರ್ಮಾಮೀಟರು. ಮೇಲ್ತುದಿಗೆ ಕುಂಕುಮ ಬೇರೆ ಇಟ್ಟಿದ್ದಳು.

"ಇದು ಇಲ್ಯಾಕ ಐತಿ ಅವ್ವ?"

"ಮತ್ತ ಎಲ್ಲಿಡ್ಲಿ? ಮೊದಲ ದಿನ ನೀ ಹೇಳಿದಂಗ ಕಂಬಕ್ಕ ಕಟ್ಟಿದ್ದೆ. ನೋಡ್ತಾ ನೋಡ್ತಾ ಪಾದರಸ ಸರಸರ ಏರಿಬಿಡ್ತು. ಬೀಗರ ಮನಿ ಸಾಮಾನು, ಒಡದು ಹೋದ್ರ ನಿನ್ನ ಅಲ್ಲಿ ಅಂದಾರು ಅಂತ ಜೀವ ಹೋತು. ಇಲ್ಲಿ ತಂದಿಟ್ಟೆ. ಇಟ್ಟ ಮ್ಯಾಲ ಸುಮ್ಮನಾತು."

ಮಲೇರಿಯಾ ಬಂದಾಗ ಡಾಕ್ಟರು ಬಾಯಿಗೆ ಇಡುವ ಥರ್ಮಾಮೀಟರು ಬಿಟ್ಟು ಅವಳು ಬೇರೆಯದನ್ನು ಕಂಡವಳಲ್ಲ. ಅದು ಏರಿದರೆ ಕೇಡು, ಇಳಿದರೆ ಒಳ್ಳೆಯದು. ಬೀಗರು ನಂಬಿ ಕೊಟ್ಟದ್ದನ್ನು ಏರಗೊಡದೆ ಕಾಪಾಡುವುದೇ ತನ್ನ ಕೆಲಸ ಎಂದುಕೊಂಡಿದ್ದಳು. ದಿನಕ್ಕೆರಡು ಸಲ ಅದರ ಸುತ್ತ ಮರಳು ತೋಯಿಸುತ್ತಿದ್ದಳಂತೆ. ಪಂಚಮಿಗೆ ನಾನು ಬರುವ ಹೊತ್ತಿಗೆ ಮಳೆ ಹಿಡಿದು ಅದು ಪೆಟ್ಟಿಗೆ ಸೇರಿರುತ್ತಿತ್ತು. ಹಾಗಾಗಿ ಅಷ್ಟು ವರ್ಷ ನನಗೆ ತಿಳಿಯಲೇ ಇಲ್ಲ.

ನಗು ಬಂತು, ಅಳುವೂ ಬಂತು. ಸೀಟಿ ಆದಾಗ ನಾನೇ ಅದನ್ನು ಹೊರಗೆ ಒಯ್ದು ಕಂಬಕ್ಕೆ ಕಟ್ಟಿದೆ. ಅವ್ವ ಬಾಗಿಲಲ್ಲಿ ನಿಂತು ಬೇಡ ಬೇಡ ಎನ್ನುತ್ತಿದ್ದಳು. ಪಾದರಸ ಬಳ್ಳಾರಿಯ ಮಟ್ಟಕ್ಕೆ ಏರಿ ನಿಂತಿತು. ಮಾವನ ಸಭೆ ಹತ್ತಿರದಲ್ಲೇ ಇತ್ತು. ಮರುದಿನ ಹೊರಡುತ್ತಿದ್ದ ಅಕ್ಕಿ ಗಾಡಿಯವನ ಕೈಯಲ್ಲಿ ಹೇಳಿ ಕಳಿಸಿದೆ. ಹೇಳಿ ಕಳಿಸಿದ ಮೇಲೆ ಹೆದರಿಕೆಯಾಯಿತು. ನಾನು ಇಲ್ಲಿ ಇರುವುದೇ ಆ ನೀಲಿ ಗೆರೆಯ ದೆಸೆಯಿಂದ. ಗೆರೆ ಹೋದರೆ ನಾನೂ ಹೋಗಬೇಕು.

ಮಾವ ತಾವೇ ಬಸ್ಸಿಗೆ ಬಂದರು. ಬೆವರು ಒರೆಸಿಕೊಳ್ಳದೆ ನೇರ ಗಡಿಗೆಯ ಮೂಲೆಗೆ ಹೋದರು. ನಾನು ಥರ್ಮಾಮೀಟರನ್ನು ಮೊದಲಿದ್ದಲ್ಲಿ ಇಟ್ಟು ತೋರಿಸಿದೆ. ಅವರು ಅಲ್ಲೇ ಮಣೆಯ ಮೇಲೆ ಕೂತು ಕಾದರು. ಓದಿದರು. ಹೊರಗೆ ಕಂಬಕ್ಕೆ ಕಟ್ಟಿ ಅಲ್ಲೂ ಕಾದರು, ಓದಿದರು. ಅವ್ವ ಬಾಗಿಲ ಮರೆಯಿಂದ ಅಳುವ ದನಿಯಲ್ಲಿ, "ನನ್ನಿಂದ ತಪ್ಪಾತ್ರಿ ಬೀಗರ. ನನಗ ತಿಳೀಲಿಲ್ಲ," ಎಂದಳು.

"ತಪ್ಪು ನಂದರಿ," ಎಂದರು ಮಾವ. "ಎಲ್ಲಿ ಕಟ್ಟಬೇಕಂತ ಹೇಳಿ ಕಳಿಸಿದೆ, ಯಾಕಂತ ಹೇಳಲಿಲ್ಲ. ಇಷ್ಟು ವರ್ಷ ಸಾಲಿ ಕಲಿಸಿ ಇಷ್ಟು ತಿಳೀಲಿಲ್ಲ ನನಗ."

ಅವ್ವ ಅದೇ ಮೂಲೆಯ ಗಡಿಗೆಯಿಂದ ನೀರು ಕೊಟ್ಟಳು. ಅವರು ಒಂದು ತಂಬಿಗೆ ಕುಡಿದು ಇನ್ನೊಂದು ಕೇಳಿದರು. ನಾನು ಸೀರೆಯ ಗಂಟು ಕಟ್ಟಲು ಎದ್ದೆ. ಅವರು ನೋಡಿ, "ಎಲ್ಲಿಗೆ ಹೊಂಟಿ? ಕೂಡು," ಎಂದಷ್ಟೇ ಹೇಳಿ, ಬಂದ ಬಸ್ಸಿಗೇ ಒಬ್ಬರೇ ತಿರುಗಿ ಹೋದರು.

ಬಳ್ಳಾರಿಯಲ್ಲಿ ನಡೆದದ್ದನ್ನು ಅತ್ತೆ ಎಷ್ಟೋ ದಿನದ ಮೇಲೆ ನಗುತ್ತಾ ಹೇಳಿದರು. ಮಾವ ಬಂದವರೇ ಒದ್ದೆ ಬಟ್ಟೆಯಿಂದ ನೀಲಿ ಗೆರೆಯನ್ನು ಪೂರಾ ಒರೆಸಿದರಂತೆ. ಸಭೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿದರಂತೆ. ಅತ್ತೆ ಕೇಳಿದ್ದಾರೆ, "ಅಲ್ಲೂ ಬಿಸಲ ಅಂದ್ರ ಸೊಸೀನ ಕರಕೊಂಡು ಬರಬೇಕಾಗಿತ್ತಲ್ಲ?" ಮಾವ ಬಟ್ಟೆ ಹಿಂಡುತ್ತಾ, "ಅಕಿ ಕೂತಲ್ಲಿ ತಂಪು ಐತಿ. ನಾ ಸ್ವತಃ ಓದೀನಿ," ಎಂದಿದ್ದಾರೆ.

ಮಗ ಹುಟ್ಟಿದ್ದು ಆ ಬೇಸಿಗೆಯಲ್ಲೇ, ಅವ್ವನ ಮನೆಯಲ್ಲೇ. ಹಗಲೆಲ್ಲ ಅವನ ತೊಟ್ಟಿಲು ಗಡಿಗೆಗಳ ಪಕ್ಕದಲ್ಲಿ. ನಾನು ಅಲ್ಲೇ ಮಲಗಿ ಅವ್ವನ ಕೈ ಕೆಲಸ ನೋಡುತ್ತಿದ್ದೆ. ಅವಳು ಗೋಣಿಗೆ ನೀರು ಚಿಮುಕಿಸುವುದು, ಮರಳು ತೋಯಿಸುವುದು, ಸೀಟಿ ಆದಾಗ ಎದ್ದು ಹೊರಗೆ ಹೋಗುವುದು. ಈಗ ಯಾಕೆಂದು ಅವಳಿಗೆ ಬಿಡಿಸಿ ಹೇಳಿದ್ದೆ. ಪಾದರಸ ಏರುವುದನ್ನು ನೋಡಿದರೆ ಆಗಲೂ ಅವಳ ಬಾಯಿಂದ ಅಯ್ಯೋ ಎಂದು ಬಂದೇ ಬರುತ್ತಿತ್ತು. ನನ್ನ ಮದುವೆಯಾದ ಮೇಲೆ ಅಷ್ಟು ಸುಖವಾಗಿ ನಾನು ಎಂದೂ ಇರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಳ್ಳಾರಿಗೆ ತಿರುಗಿ ಬಂದ ಮೇಲಿನ ಬೇಸಿಗೆಯಲ್ಲಿ ಗಾಡಿಯಲ್ಲಿ ಬಂದ ಗಂಟು ಬಿಚ್ಚಿದೆ. ಕಡ್ಡಿಗಳೆಲ್ಲ ಉದ್ದುದ್ದ. ಮಾವ ನೀಲಿಯಲ್ಲಿ ಹೊಸ ಚುಕ್ಕೆ ಇಟ್ಟರು. ಅದು ಕಪ್ಪು, ಕೆಂಪಿನ ಪಕ್ಕದಲ್ಲೇ ಬಂದು ಕೂತಿತು. "ಆಕಾಶ ಮೂರೂ ಊರಿಗೆ ಒಂದ ಐತವಾ," ಎಂದರು. ಹಾಗಾದರೆ ಬಿಸಿಲು ನಿಜವಾಗಿ ಏರುತ್ತಿದೆಯೇ ಎಂದು ಕೇಳಿದೆ. "ಇಷ್ಟ ವರ್ಷದಾಗ ಹೇಳಾಕ ಬರಂಗಿಲ್ಲ. ನಾ ಹೋದ ಮ್ಯಾಲೂ ಯಾರರ ಚುಕ್ಕಿ ಇಡಬೇಕು," ಎಂದರು.

ಅವರಿಗೆ ಸಮಾಧಾನವಾಗಿತ್ತು, ನನಗೆ ಆಗಲಿಲ್ಲ. ಹಳೆಯ ಗಿಡ್ಡ ಕಡ್ಡಿಗಳು ಬಂದಾಗ ಲೋಕದಲ್ಲಿ ಒಂದು ತಂಪಾದ ಜಾಗ ಇತ್ತು, ಅದರಲ್ಲಿ ನನ್ನ ಅವ್ವ ಇದ್ದಳು. ಈಗ ಪ್ರತಿ ಉದ್ದ ಕಡ್ಡಿಯೂ ಅವಳು ಎಷ್ಟು ಬೇಯುತ್ತಿದ್ದಾಳೆ ಎಂದು ಹೇಳುತ್ತಿತ್ತು. ಅಂಕಿ ಬರೆದುಕೊಳ್ಳುವಾಗ ಕಣ್ಣು ತುಂಬುತ್ತಿತ್ತು. ಆ ಸುಳ್ಳಿನ ಗೆರೆಯೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅಂದುಕೊಂಡೆನೋ. ಮಾವನಿಗೆ ಹೇಳಲು ಧೈರ್ಯ ಸಾಲಲಿಲ್ಲ.

ಅದರ ಮುಂದಿನ ಬೇಸಿಗೆ, ಮಾವಿನಕಾಯಿಗೆ ಉಪ್ಪು ಬೆರೆಸುತ್ತಿದ್ದೆ. ಮಾವ ಪಡಸಾಲೆಯಿಂದ ಕರೆದರು. ಆ ವಾರದ ಮಾಲೆ ಅವರ ಕೈಯಲ್ಲಿತ್ತು. ಮೊದಲ ಕಡ್ಡಿಗಳು ಉದ್ದ. ಶುಕ್ರವಾರದ ಅರಿಶಿನದ ಕಡ್ಡಿಯಿಂದ ಮುಂದೆ ಎಲ್ಲ ಗಿಡ್ಡ, ಹಳೆಯ ದಿನಗಳ ಹಾಗೆ.

"ಅಲ್ಲಿ ಮಳಿ ಆಗೇತೇನು?" ಎಂದು ಬಾಗಿಲಲ್ಲಿ ನಿಂತಿದ್ದ ಗಾಡಿಯವನನ್ನು ಕೇಳಿದರು. ಇಲ್ಲ ಎಂದ. ನಾದಿನಿ ಬರೆದು ಕಳಿಸಿದ ಕುರುಗೋಡಿನ ಅಂಕಿ ತೆಗೆದು ನೋಡಿದರು. ಅದು ಬಳ್ಳಾರಿಯಷ್ಟೇ ಮೇಲಿತ್ತು.

"ಒಂದ ಊರಾಗ ಹಿಂಗ ಒಮ್ಮಿಗೆ ಇಳಿಯಂಗಿಲ್ಲ. ಇದು ಬಿಸಲಿಂದಲ್ಲ," ಎಂದರು ಮೆಲ್ಲಗೆ. "ಥರ್ಮಾಮೀಟರು ಒಳಗ ಹೋಗೈತಿ. ನಿಮ್ಮವ್ವಗ ಈಗ ಎಲ್ಲಾ ತಿಳದೈತಿ. ಸುಮ್ಮನ ಒಳಗ ಇಡಂಗಿಲ್ಲ."

ನನಗೆ ಅವರು ಹೇಳುವ ಮೊದಲೇ ತಿಳಿದಿತ್ತು. ಅವ್ವನಿಗೆ ಹೊರಗೆ ಬರಲು ಆಗುತ್ತಿಲ್ಲ. ಅವಳು ಆ ಮೂಲೆಯಲ್ಲಿ ಮಲಗಿದ್ದಾಳೆ. ಕೈಯ ಉಪ್ಪನ್ನು ತೊಳೆಯದೆ ನಿಂತೇ ಇದ್ದೆ. ಮಾವ ನನ್ನ ಗಂಡನನ್ನು ಅಂಗಡಿಯಿಂದ ಕರೆಸಿದರು. "ಈಗಿನ ಬಸ್ಸಿಗೆ ಈಕೀನ ಕಳಿಸು. ಉಪ್ಪಿನಕಾಯಿ ನಿಮ್ಮವ್ವ ನೋಡಿಕೊಳ್ತಾಳ," ಎಂದರು. ಅತ್ತೆ ನನ್ನ ಪುಟ್ಟ ಮಗನನ್ನು ನನ್ನ ಸೊಂಟಕ್ಕೆ ಏರಿಸಿ, ಮಗಳನ್ನು ತಮ್ಮ ಹತ್ತಿರ ಇಟ್ಟುಕೊಂಡರು.

ಅವ್ವ ಒದ್ದೆ ಮರಳಿನ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಅರ್ಧಕ್ಕರ್ಧ ಆಗಿದ್ದಳು. ತಲೆಯ ಹತ್ತಿರ ಥರ್ಮಾಮೀಟರು, ಒಂದು ಹಿಡಿ ಕಡ್ಡಿ, ದಾರದ ಉಂಡೆ. ನನಗೆ ಹೇಳಿ ಕಳಿಸುವುದು ಬೇಡವೆಂದು ಅವಳೇ ಹಟ ಹಿಡಿದಿದ್ದಳೆಂದು ಅತ್ತಿಗೆ ಹೇಳಿದಳು. ಸಣ್ಣ ಮಕ್ಕಳ ತಾಯಿ ಬಿಸಿಲಲ್ಲಿ ಬರುತ್ತಾಳೆ ಎಂದು.

"ಎದ್ದು ಹೊರಗ ಹೋಗಾಕ ಆಗ್ಲಿಲ್ಲ ಮಗಳ," ಎಂದಳು. "ಸುಳ್ಳು ಕಡ್ಡಿ ಕಳಿಸೀನಿ. ಬೀಗ್ರು ಸಿಟ್ಟಾದ್ರೇನು?"

"ಇಲ್ಲವ್ವ," ಎಂದೆ. "ಅವರ ಕಳಿಸ್ಯಾರ ನನ್ನ."

ಆ ಬೇಸಿಗೆ ನಾನು ಅವಳ ಹತ್ತಿರವೇ ಇದ್ದೆ. ಥರ್ಮಾಮೀಟರನ್ನು ಹೊರಗಿನ ಕಂಬಕ್ಕೆ ಕಟ್ಟಿದೆ. ಸೀಟಿ ಆದಾಗ ಅವ್ವ ಒಳಗಿನಿಂದ ಕೂಗುತ್ತಿದ್ದಳು, "ಎಷ್ಟೈತಿ?" ನಾನು ಅಂಕಿ ಓದಬಲ್ಲವಳಾದರೂ ಅವಳ ಹಾಗೆ ಕಡ್ಡಿಯನ್ನೇ ಮುರಿಯುತ್ತಿದ್ದೆ. ಬಿಸಿಲು ಆ ವರ್ಷ ವಿಪರೀತ. ಮೊದಲ ದಿನ ಮುರಿದ ಉದ್ದ ಕಡ್ಡಿಯನ್ನು ಕೈಗೆ ಕೊಟ್ಟಾಗ ಅವಳು ಅದನ್ನು ಬೆರಳಿನಿಂದ ಅಳೆದು, "ಇಷ್ಟಾ? ನೀ ಹ್ಯಾಂಗ ತಡೀತಿ? ಕೂಸು ಹ್ಯಾಂಗ ತಡೀತೈತಿ?" ಎಂದು ಇಡೀ ದಿನ ಸಂಕಟಪಟ್ಟಳು. ಹೋಗಿಬಿಡು, ನಿನ್ನ ಮನೆಗೆ ಹೋಗು ಎಂದಳು.

ಮರುದಿನದಿಂದ ನಾನು ಎರಡು ಕಡ್ಡಿ ಮುರಿಯತೊಡಗಿದೆ. ಒಂದು ಪಾದರಸದ ತುದಿಗೆ ಸರಿಯಾಗಿ. ಅದು ಮಾವನಿಗೆ, ಬಳ್ಳಾರಿಯ ಗೋಡೆಗೆ. ಇನ್ನೊಂದು ಅದಕ್ಕಿಂತ ಒಂದು ಬೆರಳಗಲ ಗಿಡ್ಡ. ಅದನ್ನು ಅವ್ವನ ಕೈಗೆ ಕೊಡುತ್ತಿದ್ದೆ. ಅವಳು ಕಣ್ಣು ಮುಚ್ಚಿ ಬುಡದಿಂದ ತುದಿಯವರೆಗೆ ಸವರಿ ನೋಡಿ, "ಇವತ್ತ ತಂಪೈತಿ ಬಿಡು. ಇನ್ನ ಎರಡು ದಿನ ಇದ್ದು ಹೋಗು," ಎನ್ನುತ್ತಿದ್ದಳು. ದಿನಾ ಅದೇ ಮಾತು.

ಮಳೆ ಬರುವ ಮೊದಲೇ ಒಂದು ಬೆಳಿಗ್ಗೆ ಅವ್ವ ಹೋದಳು. ಮನೆ ತುಂಬ ಜನ ಸೇರಿದ್ದರು. ಮಧ್ಯಾಹ್ನ ಗಿರಣಿಯ ಸೀಟಿ ಆಯಿತು. ನಾನು ಎದ್ದು ಹೊರಗೆ ಹೋಗಿ ಕಂಬದ ಹತ್ತಿರ ನಿಂತೆ. ಆ ದಿನ ಒಂದೇ ಕಡ್ಡಿ ಮುರಿದೆ.